ಗಾಳಿಯಾಡದ ವಾರ್ಡು

ಕಿಡಿ ಎಂಬುದು ಅಮ್ಮ ಇಟ್ಟ ಅಡ್ಡಹೆಸರು. ಪದವಿಪತ್ರದಲ್ಲಿ ಬೇರೆಯೇ ಹೆಸರಿತ್ತು. ಮನೆಯಲ್ಲಿ ಯಾರಾದರೂ ಆ ಹೆಸರು ಹಿಡಿದು ಕರೆದರೆ ಹೊರಗಿನವರು ಬಂದಿದ್ದಾರೆಂದು ಎಲ್ಲರೂ ಬಾಗಿಲ ಕಡೆ ತಿರುಗುತ್ತಿದ್ದರು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು ಅವಳು. ಸಾಲು ತಪ್ಪಿಸಿ ಬಸ್ಸು ಹತ್ತಿದವನನ್ನು ಅಂಗಿ ಹಿಡಿದು ಇಳಿಸಿದ್ದಳು. ಪಕ್ಕದ ಹುಡುಗಿಗೆ ಸುಮ್ಮಸುಮ್ಮನೆ ಬೈದ ಮೇಷ್ಟರಿಗೆ ಎದ್ದು ನಿಂತು ಎದುರುತ್ತರ ಕೊಟ್ಟಿದ್ದಳು. "ಇವಳಿಗೆ ಗಂಡು ಹುಡುಕಿ ಪ್ರಯೋಜನ ಇಲ್ಲ, ಬೆಂಕಿ ಆರಿಸೋರನ್ನ ಹುಡುಕ್ಬೇಕು," ಎಂದು ಅಣ್ಣ ಹೇಳುತ್ತಿದ್ದ. ಅಣ್ಣನಿಗೆ ಕನ್ನಡಕದ ಅಂಗಡಿ ಇತ್ತು, ಮಾತು ಮಾತ್ರ ಹಾಸ್ಯಗಾರನದು.

ವೈದ್ಯಕೀಯ ಮುಗಿಸಿ ಅವಳು ಶ್ವಾಸಕೋಶದ ವಿಭಾಗ ಆರಿಸಿಕೊಂಡಾಗ ಸೋದರಮಾವ ಮುಖ ಕಿವುಚಿದ. "ಜನ ಹೃದಯದ ಡಾಕ್ಟ್ರಾಗ್ತಾರೆ, ಕಣ್ಣಿನ ಡಾಕ್ಟ್ರಾಗ್ತಾರೆ. ನೀನು ಹೋಗಿ ಹೋಗಿ ಕಫದ ಡಾಕ್ಟ್ರಾಗ್ತೀಯಾ?"

"ಹೃದಯ ಒಡೆದೋರು ಎಷ್ಟೋ ಜನ ಆರಾಮಾಗಿ ಓಡಾಡ್ಕೊಂಡಿದಾರೆ ಮಾವ. ಉಸಿರು ನಿಂತ ಮೇಲೆ ಓಡಾಡ್ದೋರು ಒಬ್ಬರನ್ನ ತೋರ್ಸಿ," ಎಂದಳು. ಮಾವ ಲೋಟ ಎತ್ತಿಕೊಂಡು ಒಳಗೆ ಹೋದ.

ನಿಜವಾದ ಕಾರಣ ಬೇರೆ ಇತ್ತು. ಅವಳು ಇನ್ನೂ ಕಲಿಯುತ್ತಿದ್ದಾಗ, ಅಸ್ತಮಾ ಕೆರಳಿ ತುಟಿ ಉಗುರೆಲ್ಲ ನೀಲಿಗಟ್ಟಿದ ಒಬ್ಬ ಹೆಂಗಸನ್ನು ತುರ್ತು ವಿಭಾಗಕ್ಕೆ ಹೊತ್ತು ತಂದಿದ್ದರು. ಹಿರಿಯ ವೈದ್ಯರೊಬ್ಬರು ಗಂಟಲಿಗೆ ಕೊಳವೆ ಇಳಿಸಿ ಉಸಿರು ಒತ್ತಿದರು. ನೋಡನೋಡುತ್ತಿದ್ದಂತೆ ನೀಲಿ ಹೋಗಿ ಬಣ್ಣ ಬಂತು. ಅಷ್ಟು ನೇರವಾದ ಕೆಲಸವನ್ನು ಕಿಡಿ ಬೇರೆಲ್ಲೂ ಕಂಡಿರಲಿಲ್ಲ.

ತರಬೇತಿಗೆ ಸೇರಿದ ಆಸ್ಪತ್ರೆಯಲ್ಲಿ ಶ್ವಾಸಕೋಶದ ವಾರ್ಡು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಉದ್ದನೆಯ ಕೋಣೆ, ಎರಡೂ ಬದಿಗೆ ಮಂಚ, ಆಳೆತ್ತರದ ಕಿಟಕಿಗಳು. ಧೂಳು ಬರುತ್ತದೆ, ಪಾರಿವಾಳ ಬರುತ್ತದೆ ಎಂದು ಆ ಕಿಟಕಿಗಳಿಗೆಲ್ಲ ಯಾವ ಕಾಲದಲ್ಲೋ ಮೊಳೆ ಹೊಡೆದಿದ್ದರು. ಒಳಗೆ ಕೆಮ್ಮಿದವರ ಉಸಿರು ಒಳಗೇ ಸುತ್ತುತ್ತಿತ್ತು. ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದರು. ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೋಣೆಯ ಆ ತುದಿಯಿಂದಲೇ ಕಾಯಿಲೆ ಹೇಳಬಲ್ಲವರು. ಶ್ವಾಸನಾಳದೊಳಗೆ ಇಳಿಸಿ ನೋಡುವ ಬ್ರಾಂಕೋಸ್ಕೋಪ್ ಹಿಡಿಯುವಾಗ ಮಣಿಕಟ್ಟು ಹೇಗಿರಬೇಕು, ವೆಂಟಿಲೇಟರಿನ ಪರದೆ ಸುಳ್ಳು ಹೇಳಿದಾಗ ರೋಗಿಯ ಎದೆಯನ್ನು ಹೇಗೆ ನೋಡಬೇಕು, ಎಲ್ಲವನ್ನೂ ಅವರೇ ಕಲಿಸಿದರು. ಕಲಿಸುವುದರಲ್ಲಿ ಅವರಿಗೆ ಸಾಟಿ ಇರಲಿಲ್ಲ. ಕಿಡಿಯ ಹೊಟ್ಟೆ ಇವತ್ತಿಗೂ ಉರಿಯುವುದು ಆ ಕಾರಣಕ್ಕೇ. ಏನೂ ತಿಳಿಯದವರಾಗಿದ್ದರೆ ಕ್ಷಮಿಸಬಹುದಿತ್ತು.

ಅವರಿಗೆ ಮಾಸ್ಕ್ ಕಂಡರಾಗುತ್ತಿರಲಿಲ್ಲ. "ಮುಖ ಮುಚ್ಕೊಂಡು ಬರೋಕೆ ನೀವೇನು ಕಳ್ಳರಾ? ರೋಗಿಗೆ ಧೈರ್ಯ ಬರೋದು ನಿಮ್ಮ ಮುಖ ನೋಡಿದ್ರೆ," ಎನ್ನುತ್ತಿದ್ದರು. ಅವರ ಎದುರು ಮಾಸ್ಕ್ ಹಾಕಿಕೊಂಡವರಿಗೆ ಆ ದಿನ ಪ್ರಶ್ನೆಗಳ ಸುರಿಮಳೆ.

ಹಾಸ್ಟೆಲಿನಲ್ಲಿ ಕಿಡಿಯ ಕೋಣೆಯ ಜೊತೆಗಾತಿಯೂ ಅದೇ ವಿಭಾಗದವಳು. ಅವಳನ್ನು ಎಲ್ಲರೂ ಮೊಲ ಎಂದು ಕರೆಯುತ್ತಿದ್ದರು, ಕಿವಿ ಅಷ್ಟು ಚುರುಕು. ಬೇರೆಯವರಿಗೆ ಸ್ಟೆತಸ್ಕೋಪಿನಲ್ಲಿ ಬರೀ ಉಸಿರು ಕೇಳಿಸುವಲ್ಲಿ ಮೊಲಕ್ಕೆ ಶ್ವಾಸಕೋಶದ ಬುಡದ ಸಣ್ಣ ಚಿಟಪಟ ಕೇಳಿಸುತ್ತಿತ್ತು. "ಇಲ್ಲಿ ನೀರು ಕೂತಿದೆ," ಎಂದು ಬೆರಳಿಡುತ್ತಿದ್ದಳು. ಎಕ್ಸ್‌ರೇ ತೆಗೆದರೆ ಅಲ್ಲೇ ಇರುತ್ತಿತ್ತು. ದೊಡ್ಡ ಸರ್ ಕೂಡ ಅನುಮಾನ ಬಂದರೆ, "ಆ ಹುಡುಗಿ ಕೈಗೆ ಸ್ಟೆತ್ ಕೊಡಿ," ಎನ್ನುತ್ತಿದ್ದರು.

ಎರಡನೆಯ ವರ್ಷ ಮೊಲಕ್ಕೆ ಕೆಮ್ಮು ಹಿಡಿಯಿತು. ಸಂಜೆಯಾದರೆ ಮೈ ಬಿಸಿ. ಕ್ಷಯ ಎಂದು ಗೊತ್ತಾದಾಗ ಅವಳೇ ಕಿಡಿಗೆ ಸಮಾಧಾನ ಹೇಳಿದಳು: "ಮಾತ್ರೆ ನುಂಗಿದ್ರೆ ಆಯ್ತು ಬಿಡೇ." ಆದರೆ ಅದು ಸಾಮಾನ್ಯ ಮಾತ್ರೆಗೆ ಜಗ್ಗುವ ಕ್ಷಯವಾಗಿರಲಿಲ್ಲ. ವಾರ್ಡಿನ ಮೂಲೆಯ ಮಂಚದಲ್ಲಿ ತಿಂಗಳುಗಟ್ಟಲೆ ಕೆಮ್ಮುತ್ತ ಮಲಗಿದ್ದ ರೋಗಿಯಲ್ಲಿ ಇದ್ದದ್ದು ಅದೇ ತಳಿ. ಆ ಕಾಲಕ್ಕೆ ಅದಕ್ಕಿದ್ದ ಮದ್ದು ದಿನವೂ ಚುಚ್ಚುವ ಸೂಜಿ. ಪೃಷ್ಠದಲ್ಲಿ ಚುಚ್ಚಲು ಜಾಗ ಉಳಿಯದೆ ಮೊಲ ಕೂರಲಾರದೆ ನಿಂತೇ ಉಣ್ಣುತ್ತಿದ್ದಳು.

ಒಂದು ಬೆಳಿಗ್ಗೆ ಕಿಡಿ ಸ್ನಾನ ಮಾಡುತ್ತಿದ್ದಾಗ ಕೋಣೆಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ತಲೆಗೆ ಬಟ್ಟೆ ಸುತ್ತಿಕೊಂಡು ಬಂದು ನೋಡಿದರೆ ಮೊಲ ಫೋನಿನ ಪಕ್ಕದಲ್ಲೇ ಪುಸ್ತಕ ಹಿಡಿದು ನಿಂತಿದ್ದಾಳೆ.

"ಕೈ ಬಿದ್ದೋಗಿದೆಯಾ? ಎತ್ತೋಕಾಗಲ್ವಾ?" ಎಂದು ಕಿಡಿ ರೇಗಿದಳು.

ಮೊಲ ತಲೆಯೆತ್ತಿ, "ಏನು ಎತ್ಬೇಕು?" ಎಂದಳು. ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು.

ಮದ್ದು ಜೀವ ಉಳಿಸಿತು, ಕಿವಿ ತಿಂದುಹಾಕಿತು. ಮೊದಲು ಸಣ್ಣ ದನಿಗಳು ಹೋದವು, ಆಮೇಲೆ ಹೆಂಗಸರ ಮಾತು, ಕೊನೆಗೆ ಎಲ್ಲವೂ. ಕಿವಿಗೆ ಹಾಕುವ ಯಂತ್ರ ಬರೀ ಗದ್ದಲ ಕೊಡುತ್ತಿತ್ತು. ಅದನ್ನು ಅವಳು ಮೇಜಿನ ಖಾನೆಗೆ ಎಸೆದಳು. ಸ್ಟೆತಸ್ಕೋಪನ್ನು ಅಲ್ಲೇ ಇಟ್ಟಳು.

ಕಿಡಿ ನೇರ ದೊಡ್ಡ ಸರ್ ಕೋಣೆಗೆ ಹೋದಳು. ಕಿಟಕಿಯ ಮೊಳೆ ಕೀಳಿಸಿ, ಮಾಸ್ಕ್ ಕೊಡಿ ಎಂದಳು.

"ಬಸ್ಸಲ್ಲೋ ಹಾಸ್ಟೆಲಲ್ಲೋ ಅಂಟಿರುತ್ತೆ. ಇಷ್ಟು ವರ್ಷದಿಂದ ನಾನೂ ಆ ವಾರ್ಡಲ್ಲೇ ಇದೀನಲ್ಲ, ನನಗೇನಾಗಿದೆ?" ಎಂದರು ಅವರು.

"ನೀವು ವಾರ್ಡಲ್ಲಿ ಇರೋದು ಬೆಳಿಗ್ಗೆ ಒಂದು ಗಳಿಗೆ ಸರ್. ನಾವು ಅಲ್ಲೇ ಉಸಿರಾಡೋರು."

ಆ ಸಲದ ಪ್ರಾಯೋಗಿಕ ಪರೀಕ್ಷೆಯಲ್ಲಿ ಕಿಡಿ ಫೇಲಾದಳು. ಮತ್ತೆ ಪರೀಕ್ಷೆಗೆ ನಿಂತು ಪಾಸಾದಳು. ಕಿಟಕಿಗಳು ಹಾಗೇ ಇದ್ದವು.

ಮೊಲಕ್ಕೆ ಚಿಕಿತ್ಸೆ ನಡೆದಷ್ಟು ಕಾಲ ಕಿಡಿಯ ಅಣ್ಣ ಮನೆಯ ಊಟ ತಂದುಕೊಡುತ್ತಿದ್ದ. ಮೊದಮೊದಲು ಡಬ್ಬಿ ಇಟ್ಟು ಹೋಗುತ್ತಿದ್ದವನು ಆಮೇಲೆ ಕೂತು ಹರಟುವುದಕ್ಕೆ ತೊಡಗಿದ. ಅವಳು ತುಟಿ ನೋಡಿ ಮಾತು ಹಿಡಿಯಲು ಕಲಿತದ್ದೇ ಅವನ ತುಟಿಯಿಂದ. ಕಿವಿ ಹೋದ ಮೇಲೆ ಎಲ್ಲರೂ ಅಂಜಿ ಬಿಟ್ಟುಬಿಟ್ಟಿದ್ದ ಮೊಲ ಎಂಬ ಅಡ್ಡಹೆಸರಿನಿಂದ ಅವನೊಬ್ಬನೇ ಅವಳನ್ನು ಕರೆಯುತ್ತಿದ್ದ. ಮದುವೆಯ ಮಾತು ಬಂದಾಗ ಸೋದರಮಾವ, "ಹುಡುಗಿಗೆ ಕಿವಿ..." ಎಂದು ರಾಗ ತೆಗೆದ. "ನಾನು ಕಣ್ಣಿನ ಅಂಗಡಿಯೋನು ಮಾವ, ಕಿವಿ ನಮ್ಮ ಇಲಾಖೆ ಅಲ್ಲ," ಎಂದುಬಿಟ್ಟ ಅಣ್ಣ. ಹೀಗೆ ಗೆಳತಿ ಅತ್ತಿಗೆಯಾದಳು. ಸ್ಕ್ಯಾನ್ ಕೇಂದ್ರವೊಂದರಲ್ಲಿ ಚಿತ್ರಗಳನ್ನು ಓದಿ ವರದಿ ಬರೆಯುವ ಕೆಲಸ ಹಿಡಿದಳು. ಅಲ್ಲಿ ಕಣ್ಣಿದ್ದರೆ ಸಾಕಿತ್ತು.

ಕಿಡಿ ಬೇರೆ ಊರಿಗೆ ಹೋಗಿ ತೀವ್ರ ನಿಗಾ ಚಿಕಿತ್ಸೆ ಕಲಿತಳು, ಅಲ್ಲೇ ವರ್ಷಗಟ್ಟಲೆ ದುಡಿದಳು. ಕೊಳವೆ ಹಾಕಲು ಎಷ್ಟು ಕೈ ಪಳಗಿತೋ, ಯಾವಾಗ ಹಾಕಬಾರದು ಎಂದು ಮನೆಯವರಿಗೆ ತಿಳಿಹೇಳಲು ನಾಲಿಗೆಯೂ ಅಷ್ಟೇ ಪಳಗಿತು. ಸತ್ತವರ ಮನೆಯವರ ಎದುರು ಅವಳ ದನಿ ಎಂದೂ ಏರುತ್ತಿರಲಿಲ್ಲ. ಏರುತ್ತಿದ್ದುದು ಆಡಳಿತದವರ ಎದುರು, ಹಾಳಾದ ಯಂತ್ರಕ್ಕೆ ಸರಿಯಿದೆ ಎಂದು ಸಹಿ ಹಾಕಿದವರ ಎದುರು. ರೋಗಿಗಳು ಅವಳನ್ನು ಜಗಳದ ಡಾಕ್ಟ್ರು ಎನ್ನುತ್ತಿದ್ದರು, ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು.

ತಾನು ಕಲಿತ ಆಸ್ಪತ್ರೆಯಲ್ಲೇ ಶ್ವಾಸಕೋಶ ವಿಭಾಗದ ಮುಖ್ಯಸ್ಥೆಯ ಜಾಗ ಖಾಲಿಯಾದಾಗ ಅರ್ಜಿ ಹಾಕಿದಳು, ಸಿಕ್ಕಿತು. ಆ ಹೊತ್ತಿಗೆ ದೊಡ್ಡ ಸರ್ ಇಡೀ ಆಸ್ಪತ್ರೆಯ ನಿರ್ದೇಶಕರಾಗಿದ್ದರು. "ನನ್ನ ಕೈಯಲ್ಲಿ ಕಲಿತೋಳು," ಎಂದು ಅವಳನ್ನು ಎಲ್ಲರಿಗೂ ಪರಿಚಯ ಮಾಡಿಸಿದರು. ಕಿಡಿ ಹಲ್ಲು ಕಚ್ಚಿ ನಕ್ಕಳು.

ವಾರ್ಡು ಈಗ ಹೊಸ ಕಟ್ಟಡದಲ್ಲಿತ್ತು. ಹೊರಗಿನಿಂದ ನೋಡಿದರೆ ಕನ್ನಡಿಯ ಪೆಟ್ಟಿಗೆ, ಒಳಗೆ ತಣ್ಣನೆಯ ಗಾಳಿ. ತೆರೆಯುವ ಕಿಟಕಿ ಎಂಬುದು ಒಂದೂ ಇಲ್ಲ. ಮೊಳೆ ಹೊಡೆದ ಕಿಟಕಿಯನ್ನಾದರೂ ಕೀಳಬಹುದು, ಈ ಗಾಜನ್ನು ಏನು ಮಾಡುವುದು? ಕೇಳಿದರೆ, ಕೆಟ್ಟ ಗಾಳಿಯನ್ನು ಹೊರಗೆ ಎಳೆಯುವ ಯಂತ್ರಗಳಿವೆ ಎಂದರು. ಅಳತೆಯ ವರದಿಯನ್ನೂ ತೋರಿಸಿದರು. ಸರಿ ಎಂದು ಅವಳು ಕೆಲಸಕ್ಕೆ ಇಳಿದಳು. ಮಾಸ್ಕ್ ಹಾಕದೆ ವಾರ್ಡಿಗೆ ಕಾಲಿಟ್ಟವರನ್ನು ಬೈದು ಹೊರಗೆ ಕಳಿಸುತ್ತಿದ್ದಳು.

ಅವಳ ಕೈಕೆಳಗೆ ಕಲಿಯುತ್ತಿದ್ದವರಲ್ಲಿ ಒಬ್ಬ ತುಂಬಾ ಉದ್ದನೆಯ ಯುವಕ. ಮಂಚದ ಪರದೆಯ ಮೇಲಿಂದಲೇ ಇಣುಕಿ ನೋಡುತ್ತಾನೆಂದು ನರ್ಸುಗಳು ಅವನಿಗೆ ಜಿರಾಫೆ ಎಂದು ಹೆಸರಿಟ್ಟಿದ್ದರು. ಒಂದು ದಿನ ರೌಂಡ್ಸ್‌ನಲ್ಲಿ ಅವನು ಕೆಮ್ಮು ತಡೆಯಲು ಪಕ್ಕಕ್ಕೆ ತಿರುಗಿದ. ಮಾಸ್ಕಿನ ಒಳಗಿಂದ ಕೆಂಪು ಹರಡಿತು.

ವರದಿ ಬಂತು. ಔಷಧಿಗೆ ಜಗ್ಗದ ಅದೇ ಕ್ಷಯ. ಅದೇ ವಾರ್ಡಿನ ಆಯಾ ಒಬ್ಬಳಿಗೂ ಅದೇ.

ಕಿಡಿ ವರದಿ ಓದಿ ಎದ್ದಳು. ವಾರ್ಡಿನ ನಡುವೆ ಒಂದು ಕುರ್ಚಿ ಎಳೆದು ಹತ್ತಿದಳು. ಕೆಟ್ಟ ಗಾಳಿ ಎಳೆದುಕೊಳ್ಳಬೇಕಾದ ಜಾಲರಿ ಛಾವಣಿಯಲ್ಲಿತ್ತು. ಟಿಶ್ಯೂ ಕಾಗದದ ಒಂದು ಚೂರನ್ನು ಅದಕ್ಕೆ ಹಿಡಿದಳು. ಯಂತ್ರ ಓಡುತ್ತಿದ್ದರೆ ಕಾಗದ ಜಾಲರಿಗೆ ಅಂಟಿಕೊಳ್ಳಬೇಕು. ಬೆರಳು ಬಿಟ್ಟ ಕೂಡಲೇ ಅದು ತೂರಾಡುತ್ತ ಅವಳ ಪಾದದ ಮೇಲೆ ಬಿತ್ತು. ಪ್ರತಿ ಜಾಲರಿಗೂ ಕುರ್ಚಿ ಎಳೆದಳು. ಎಲ್ಲ ಕಡೆಯೂ ಕಾಗದ ಕೆಳಗೇ ಬಿತ್ತು. ಮಂಚದ ಮೇಲಿನ ರೋಗಿಗಳು ಅವಳನ್ನೇ ನೋಡುತ್ತಿದ್ದರು. ಒಬ್ಬ ಮುದುಕ, "ಏನು ಹುಡುಕ್ತಿದೀರಿ ಡಾಕ್ಟ್ರೇ?" ಎಂದ.

"ಗಾಳಿ ಹುಡುಕ್ತಿದೀನಿ ತಾತ," ಎಂದಳು.

ಆಡಳಿತದ ಕೋಣೆಯಲ್ಲಿ ದೊಡ್ಡ ಸರ್ ಜೊತೆ ಇನ್ನೂ ಕೆಲವರು ಕೂತಿದ್ದರು. ಯಂತ್ರ ನಿಲ್ಲಿಸಿದವರು ಯಾರು ಎಂದು ಅವಳು ಕೇಳಿದಳು.

"ಸದ್ದು ಜಾಸ್ತಿ ಅಂತ ದೂರು ಬಂದಿತ್ತು. ಕರೆಂಟೂ ಕುಡಿಯುತ್ತೆ," ಎಂದರು ದೊಡ್ಡ ಸರ್, ಶಾಂತವಾಗಿ. "ಸಮಿತಿಗೆ ಬರೆದುಕೊಡು, ನೋಡೋಣ. ನಿನ್ನ ಹುಡುಗನಿಗೆ ಎಲ್ಲಿಂದ ಅಂಟಿತೋ ಯಾರಿಗೆ ಗೊತ್ತು? ಬಸ್ಸಲ್ಲಿ..."

"ಬಸ್ಸಿನ ಮಾತು ಎತ್ತಬೇಡಿ ಸರ್." ಅವಳ ದನಿಗೆ ಪಕ್ಕದ ಕೋಣೆಯ ಗುಮಾಸ್ತ ಬಾಗಿಲಿಗೆ ಬಂದ. "ಆವತ್ತೂ ಬಸ್ಸೇ ಅಂದ್ರಿ. ನಿಮ್ಮ ವಾರ್ಡಲ್ಲಿ ಒಬ್ಬಳು ಹುಡುಗಿ ಎರಡೂ ಕಿವಿ ಕಳ್ಕೊಂಡ್ಳು. ಅವಳ ಕಿವಿ ಎಂಥಾದ್ದು ಅಂತ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಅವಳು ಈಗ ನಮ್ಮನೇಲಿದಾಳೆ, ನನ್ನ ಅತ್ತಿಗೆ. ಬಂದು ನೋಡಿ."

ದೊಡ್ಡ ಸರ್ ಕನ್ನಡಕ ತೆಗೆದು ಒರೆಸಿದರು. "ನಿನಗೆ ಸುಸ್ತಾಗಿದೆ. ರಜೆ ತಗೋ," ಎಂದರು.

ಹಳೆಯ ವಾರ್ಡು ಖಾಲಿ ಬಿದ್ದಿತ್ತು. ಅದನ್ನು ಅತಿಥಿಗಳ ಸಭಾಂಗಣ ಮಾಡುವ ಆಲೋಚನೆ ನಡೆದಿತ್ತು. ಹೊಸ ಕುರ್ಚಿಗಳು ಪ್ಲಾಸ್ಟಿಕ್ ಸುತ್ತಿಕೊಂಡು ಬಂದು ಕೂತಿದ್ದವು. ಭಾನುವಾರ ಬೆಳಿಗ್ಗೆ ಕಿಡಿ ಅಣ್ಣನನ್ನು ಕರೆದುಕೊಂಡು ಹೋಗಿ ಬೀಗ ಒಡೆಸಿದಳು.

"ಕನ್ನಡಕದ ಸ್ಕ್ರೂ ಬಿಚ್ಚೋನಿಗೆ ಎಂಥಾ ಕೆಲಸ ಹಚ್ತೀಯೇ," ಎಂದು ಗೊಣಗುತ್ತಲೇ ಅಣ್ಣ ಇಕ್ಕಳ ಹಿಡಿದ. ತುಕ್ಕು ಹಿಡಿದ ಮೊಳೆಗಳು ಕಿರುಗುಟ್ಟುತ್ತ ಬಂದವು. ಮೊದಲ ಕಿಟಕಿ ತೆರೆದಾಗ ಪಾರಿವಾಳದ ಪುಕ್ಕ, ಒಣಗಿದ ಹಿಕ್ಕೆ, ಧೂಳು ಎಲ್ಲ ಅವರ ತಲೆಯ ಮೇಲೆ ಸುರಿಯಿತು. ಅದರ ಹಿಂದೆಯೇ ಗಾಳಿ ಬಂತು. ಕೊನೆಯ ಕಿಟಕಿ ಮುಗಿಯುವಾಗ ಅಣ್ಣನ ಅಂಗೈ ಬೊಬ್ಬೆ ಎದ್ದಿತ್ತು. ಕಿಡಿ ಇಡೀ ಕೋಣೆಯನ್ನು ತಾನೇ ತೊಳೆದಳು. ಇಷ್ಟು ಸುಲಭದ ಕೆಲಸವಾಗಿತ್ತಲ್ಲ ಇದು ಎಂಬ ಯೋಚನೆಗೆ ಅವಳ ಕೈ ಇನ್ನಷ್ಟು ಜೋರಾಗಿ ಉಜ್ಜುತ್ತಿತ್ತು.

ಮರುದಿನ ಬೆಳಿಗ್ಗೆ ಹೊಸ ವಾರ್ಡಿನಲ್ಲಿ ನಿಂತು, ಮಂಚಗಳನ್ನು ಹಳೆಯ ಕಟ್ಟಡಕ್ಕೆ ಸಾಗಿಸುವುದೆಂದಳು.

"ಆದೇಶ ಇದೆಯಾ ಮೇಡಂ?" ಎಂದು ಹಿರಿಯ ನರ್ಸ್ ಕೇಳಿದಳು.

"ಇಲ್ಲ. ಕೇಳಿದೋರಿಗೆಲ್ಲ ನಾನು ಹೇಳ್ದೆ ಅಂತ ಹೇಳಿ."

ಹಿರಿಯ ನರ್ಸ್ ಕೈಯಲ್ಲಿದ್ದ ಕಡತ ಮೇಜಿನ ಮೇಲಿಟ್ಟಳು. ಕ್ಷಯ ಹತ್ತಿದ ಆಯಾ ಅವಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವಳು. "ಹಾಗಾದ್ರೆ ಮೊದಲು ಆಕ್ಸಿಜನ್ ಸಿಲಿಂಡರ್ ಹೋಗ್ಲಿ," ಎಂದು ಸೆರಗು ಸಿಕ್ಕಿಸಿಕೊಂಡಳು.

ಐಸಿಯುಗೆ ಪ್ರತ್ಯೇಕ ಗಾಳಿಯಂತ್ರವಿತ್ತು. ಕಿಡಿ ಅಲ್ಲೂ ಕಾಗದ ಹಿಡಿದು ನೋಡಿದ್ದಳು, ಅದು ಅಂಟಿಕೊಂಡಿತ್ತು, ಅಲ್ಲಿನವರನ್ನು ಮುಟ್ಟಲಿಲ್ಲ. ಉಳಿದವರನ್ನು ಒಬ್ಬೊಬ್ಬರನ್ನಾಗಿ ಅಂಗಳ ದಾಟಿಸಿ, ಹಳೆಯ ಕಟ್ಟಡದ ಇಳಿಜಾರಿನಲ್ಲಿ ಮೇಲಂತಸ್ತಿಗೆ ತಳ್ಳಿದರು. ಗಾಲಿ ಸಿಕ್ಕಿಕೊಂಡ ಕಡೆ ರೋಗಿಗಳ ಮನೆಯವರು ಮಂಚ ಎತ್ತಿ ಹಿಡಿದರು. ಗಾಳಿ ಹುಡುಕುವುದನ್ನು ಕಂಡಿದ್ದ ಆ ತಾತ ಹೊತ್ತವರಿಗೆಲ್ಲ ದಾರಿ ಹೇಳುತ್ತ ರಾಜನ ಹಾಗೆ ಮಲಗಿದ್ದ. ಹೊಸ ಕುರ್ಚಿಗಳನ್ನು ಪ್ಲಾಸ್ಟಿಕ್ ಸಮೇತ ಮೊಗಸಾಲೆಗೆ ಎಳೆದು ಹಾಕಿದರು. ಕಾವಲುಗಾರರು ಬಂದರು, ನೋಡಿದರು, ಯಾವ ಮಂಚ ತಡೆಯುವುದೆಂದು ತಿಳಿಯದೆ ಒಂದು ಬದಿಗೆ ನಿಂತರು.

ಇದೆಲ್ಲ ಪತ್ರಿಕೆಗೆ ಹೋಯಿತು. ಆಡಳಿತದ ಕೋಣೆಯ ಮಾತೂ ಹೋಯಿತು. ಎರಡು ದಿನದ ಮೇಲೆ ಮೊದಲ ಪುಟದಲ್ಲಿ ಮೊಲದ ಚಿತ್ರವಿತ್ತು, ಸ್ಕ್ಯಾನ್ ಕೇಂದ್ರದ ಬಾಗಿಲಲ್ಲಿ ಯಾರೋ ಕದ್ದು ತೆಗೆದದ್ದು. ಮೇಲೆ ದಪ್ಪ ಅಕ್ಷರದಲ್ಲಿ 'ಕಿವುಡಾದ ವೈದ್ಯೆ'.

ಕಿಡಿ ಮನೆಗೆ ಬಂದಾಗ ಅತ್ತಿಗೆ ಅಡುಗೆಮನೆಯ ಮೇಜಿನ ಹತ್ತಿರ ನಿಂತಿದ್ದಳು. ಅಮ್ಮ ಮೆಲ್ಲಗೆ ಜಾಗ ಖಾಲಿ ಮಾಡಿದರು.

"ಇದು ಯಾರ ಕಿವಿ?" ಎಂದಳು ಅತ್ತಿಗೆ, ಪತ್ರಿಕೆ ತೋರಿಸಿ.

"ನಾನು ಪತ್ರಿಕೆಯವರಿಗೆ ಹೇಳ್ಲಿಲ್ಲ ಕಣೇ. ಅಲ್ಲಿ ಕೂತಿದ್ದೋರು ಯಾರೋ..."

"ಮುಖ ಆ ಕಡೆ ತಿರುಗಿಸ್ಬೇಡ, ನನಗೆ ಕಾಣಲ್ಲ. ಅಲ್ಲಿ ಹೇಳಿದ್ದು ನೀನೇ ತಾನೇ? ಬಂದು ನೋಡಿ ಅಂದ್ಯಂತೆ. ನಾನೇನು ಪ್ರದರ್ಶನದ ಗೊಂಬೆನಾ? ಇವತ್ತು ಕೆಲಸದ ಕಡೆ ಒಬ್ಬೊಬ್ಬರೂ ಬಂದು ತಲೆ ಸವರಿ ಹೋದ್ರು. ಇಷ್ಟು ವರ್ಷ ಅವರಿಗೆಲ್ಲ ನಾನು ವರದಿ ಬರೆಯೋಳು. ಇವತ್ತಿಂದ ಪಾಪದವಳು."

"ನಿನಗಾದ ಅನ್ಯಾಯಕ್ಕೇ ಅಲ್ವಾ ನಾನು ಇಷ್ಟು ವರ್ಷ ಕುದೀತಿರೋದು?"

"ನನಗೆ ಆಗಿದ್ದಕ್ಕೆ ನಾನು ಕುದೀತೀನಿ, ನೀನ್ಯಾಕೆ ಗುತ್ತಿಗೆ ಹಿಡ್ದಿದೀಯಾ?" ಅತ್ತಿಗೆಯ ದನಿ ಅಡುಗೆಮನೆ ಮೀರಿ ಬೀದಿಗೆ ಕೇಳುವಷ್ಟು ಏರಿತ್ತು. "ನೀನು ಕೂಗಬಹುದು, ನಿನಗೆ ಚೆನ್ನಾಗಿ ಬರುತ್ತೆ. ನಾನು ಕೂಗಿದ್ರೆ ಎಷ್ಟು ಜೋರಾಗಿ ಕೂಗ್ತಿದೀನಿ ಅಂತಾನೂ ನನಗೆ ಗೊತ್ತಾಗಲ್ಲ. ಅದಕ್ಕೇ ಬಾಯಿ ಮುಚ್ಕೊಂಡಿರ್ತೀನಿ. ಸಿಟ್ಟಿಲ್ಲ ಅಂತ ಅಲ್ಲ."

ಕಿಡಿ ಅವಳ ಎದುರಿಗೆ ಬಂದು ನಿಂತಳು. "ತಪ್ಪಾಯ್ತು," ಎಂದಳು, ತುಟಿ ಕಾಣುವ ಹಾಗೆ.

ಅತ್ತಿಗೆ ಪತ್ರಿಕೆ ಮಡಚಿ ಕಸಕ್ಕೆ ಹಾಕಿದಳು. "ಆ ಹುಡುಗನಿಗೆ ಸೂಜಿ ಶುರು ಮಾಡಿದ್ರಾ?" ಎಂದು ಕೇಳಿದಳು.

"ಈಗ ಸೂಜಿ ಇಲ್ಲ. ಹೊಸ ಮಾತ್ರೆ ಬಂದಿದೆ, ನುಂಗೋದಷ್ಟೇ. ಕಿವಿಗೆ ಏನೂ ಆಗಲ್ಲ."

"ಏನೂ ಆಗಲ್ವಾ?"

"ಇಲ್ಲ."

"ಒಳ್ಳೇದಾಯ್ತು," ಎಂದಳು ಅತ್ತಿಗೆ. ಮುಖ ಅರಳಿತ್ತು. ತೊಳೆದಿಟ್ಟ ತಟ್ಟೆಗಳನ್ನು ಕಪಾಟಿಗೆ ಜೋಡಿಸಲು ಹೋದಳು. ಒಂದು ಇಟ್ಟಳು, ಎರಡು ಇಟ್ಟಳು. ಮೂರನೆಯದನ್ನು ಎತ್ತಿ ಗೋಡೆಗೆ ಬೀಸಿ ಒಗೆದಳು. ಅಣ್ಣ ಒಳಗಿಂದ ಓಡಿ ಬಂದ. ಚೂರುಗಳ ನಡುವೆ ನಿಂತು ಅವಳು ಬಿಕ್ಕುತ್ತಿದ್ದಳು: "ನನಗೆ ಸ್ವಲ್ಪ ತಡವಾಗಿ ಬಂದಿದ್ರೆ ಏನಾಗ್ತಿತ್ತು ಈ ಕಾಯಿಲೆಗೆ? ಏನಾಗ್ತಿತ್ತು?" ಅಣ್ಣ ಹಾಸ್ಯ ಮಾಡಲಿಲ್ಲ. ಅವಳನ್ನು ಹೊರಗೆ ಕರೆದುಕೊಂಡು ಹೋದ. ಕಿಡಿ ಬಗ್ಗಿ ಚೂರುಗಳನ್ನು ಆರಿಸಿದಳು.

ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ಅತ್ತಿಗೆಯ ಹೆಸರನ್ನು ಕಿಡಿ ಅಲ್ಲಿ ಎತ್ತಲಿಲ್ಲ. ಜಾಲರಿಯ ಮಾತು, ಕಾಗದದ ಮಾತು, ಜಿರಾಫೆ ಮತ್ತು ಆಯಾಳ ವರದಿ, ಇಷ್ಟೇ ಹೇಳಿದಳು. ಕ್ಷಮಾಪಣೆ ಬರೆದುಕೊಟ್ಟರೆ ಇಲ್ಲಿಗೆ ಮುಗಿಸುತ್ತೇವೆ ಎಂದರು. "ಯಾವುದಕ್ಕೆ? ಬೀಗಕ್ಕಾ? ಬೇಕಾದ್ರೆ ಹೊಸ ಬೀಗ ತಂದ್ಕೊಡ್ತೀನಿ," ಎಂದಳು. ಕೊನೆಗೆ ಬಂದ ತೀರ್ಮಾನ ಇದು: ಯಂತ್ರಗಳು ಓಡಬೇಕು, ಅಲ್ಲಿಯವರೆಗೆ ವಾರ್ಡು ಹಳೆಯ ಕಟ್ಟಡದಲ್ಲೇ ಇರಬೇಕು, ಶಿಸ್ತು ಮೀರಿದ ಮುಖ್ಯಸ್ಥೆಯನ್ನು ಆ ಜಾಗದಿಂದ ತೆಗೆದು ಊರಿನ ಇನ್ನೊಂದು ತುದಿಯ ಎದೆರೋಗದ ಚಿಕಿತ್ಸಾಲಯಕ್ಕೆ ಹಾಕಬೇಕು. ದೊಡ್ಡ ಸರ್‌ಗೆ ಏನೂ ಆಗಲಿಲ್ಲ. ಹೊತ್ತಿಗೆ ಸರಿಯಾಗಿ ನಿವೃತ್ತರಾದರು, ಹಾರ ಹಾಕಿಸಿಕೊಂಡರು. ಅವರ ಗುಣಗಾನ ಮಾಡಿದವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ ಎಂಬುದು ಕಿಡಿಗೆ ಗೊತ್ತಿತ್ತು, ಅದಕ್ಕೇ ಇನ್ನೂ ಮೈ ಉರಿಯಿತು. ಐಸಿಯು ಬಿಟ್ಟು ಬರುವುದು ಅವಳಿಗೆ ಕೈ ಕತ್ತರಿಸಿದಂತಾಗಿತ್ತು. ಕೊಳವೆ ಹಾಕುವ ಕೈ ಇನ್ನು ಮಾತ್ರೆಯ ಚೀಟಿ ಬರೆಯಬೇಕಿತ್ತು.

ಅಷ್ಟರಲ್ಲಿ ಜಿರಾಫೆ ಗುಣವಾಗಿದ್ದ. ಕಿವಿ ಪರೀಕ್ಷೆ ಮಾಡಿಸಿಕೊಂಡೇ ಬರಬೇಕೆಂದು ಅತ್ತಿಗೆ ಅವನಿಗೆ ಕಟ್ಟಪ್ಪಣೆ ಮಾಡಿದ್ದಳು. ಮಾತ್ರೆಯಿಂದ ಕಿವಿಗೇನೂ ಆಗುವುದಿಲ್ಲ ಎಂದು ಕಿಡಿ ಎಷ್ಟು ಹೇಳಿದರೂ ಅವಳಿಗೆ ನಂಬಿಕೆ ಬರಲೊಲ್ಲದು. ಒಂದು ಮಧ್ಯಾಹ್ನ ಅವನು ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. ಮೊಣಕಾಲು ಮೇಜಿಗೆ ತಾಗುತ್ತಿತ್ತು.

"ಮೇಡಂ, ನಾನು ವಿಭಾಗ ಬದಲಾಯಿಸ್ತಿದೀನಿ. ಚರ್ಮರೋಗಕ್ಕೆ ಸೇರ್ತೀನಿ."

ಕಿಡಿಯ ಮುಖ ಕೆಂಪಾಯಿತು. "ನಿನ್ನಂಥಾ ಕೈ ಇರೋನು ಮೊಡವೆಗೆ ಮದ್ದು ಹಚ್ಕೊಂಡು ಕೂರ್ತೀಯಾ? ನಾನು ಇಷ್ಟೆಲ್ಲಾ ಮಾಡಿದ್ದು ಯಾಕೆ?"

"ಕಿಟಕಿ ತೆಗೆಸಿದೀರಿ ಮೇಡಂ, ಗೊತ್ತು. ಆದ್ರೆ ಆ ವಾರ್ಡಿನ ಬಾಗಿಲಿಗೆ ಹೋದ್ರೆ ಕಾಲು ಮುಂದೆ ಬರಲ್ಲ. ಎರಡು ಸಲ ಹೋಗಿ ವಾಪಸ್ ಬಂದೆ." ಅವನು ನೆಲ ನೋಡುತ್ತಿದ್ದ.

ಅತ್ತಿಗೆ ಅವನ ಗಲ್ಲ ಹಿಡಿದು ಮುಖ ಎತ್ತಿದಳು, ತುಟಿ ಓದುವುದಕ್ಕೆ. ಮತ್ತೊಮ್ಮೆ ಹೇಳಿಸಿಕೊಂಡಳು. ಆಮೇಲೆ ಕಿಡಿಯ ಕಡೆ ತಿರುಗಿ, "ಬಿಡು ಅವನನ್ನ. ಹೋಗೋಕೆ ಅವನಿಗೆ ಇನ್ನೊಂದು ದಾರಿ ಇದೆ, ಹೋಗ್ಲಿ," ಎಂದಳು.

ಅವನು ಹೋದ ಮೇಲೆ ಕಿಡಿ ಬಾಗಿಲಲ್ಲೇ ನಿಂತಿದ್ದಳು, ಮುಖ ಗಂಟು ಹಾಕಿಕೊಂಡು.

"ಈಗ ಯಾರ ಮೇಲೆ ಸಿಟ್ಟು?" ಎಂದಳು ಅತ್ತಿಗೆ.

"ಪಟ್ಟಿ ಉದ್ದ ಇದೆ."

ಅತ್ತಿಗೆ ಹುಬ್ಬುಗಂಟಿಕ್ಕಿದಳು. "ಬಟ್ಟೆ ಉದ್ದ ಆದ್ರೆ ಕತ್ತರಿಸಿ ಹೊಲಿಸ್ಕೋ. ಅದಕ್ಯಾಕೆ ಮುಖ ಊದಿಸ್ಕೊಂಡು ನಿಂತಿದೀಯಾ?"

ಕಿಡಿ ಅವಳನ್ನೇ ನೋಡಿದಳು. ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು, ತಡೆಯಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಏನು ತಪ್ಪು ಓದಿದೆನೆಂದು ಅತ್ತಿಗೆಗೂ ಹೊಳೆಯಿತು. ಅವಳೂ ನಕ್ಕಳು, ಅಮ್ಮ ಒಳಗಿಂದ ಬಂದು ನೋಡುವಷ್ಟು ಜೋರಾಗಿ.

ಸೋಮವಾರ, ಹೊಸ ಜಾಗದ ಮೊದಲ ದಿನ ಬೆಳಿಗ್ಗೆ ಕಿಡಿ ಊರಿನ ಆ ತುದಿಗೆ ಬಸ್ಸು ಹತ್ತಿದಳು. ಚಿಕಿತ್ಸಾಲಯದ ಮುಂದೆ ಕೆಮ್ಮುವವರ ಸಾಲು ಬೀದಿಯವರೆಗೂ ಇತ್ತು, ಕೂರಲು ಒಂದು ಬೆಂಚೂ ಇರಲಿಲ್ಲ. ಸಾಲಿನ ಕೊನೆಯಲ್ಲಿ ಒಬ್ಬ ಹೆಂಗಸು ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು. ಕಿಡಿ ಆಕೆಯ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು, ತನ್ನ ಕುರ್ಚಿಯಲ್ಲೇ ಕೂರಿಸಿದಳು, ಆಮೇಲೆ ಇಲ್ಲಿನ ಅಧಿಕಾರಿ ಯಾರು ಎಂದು ಕೇಳಿದಳು.